ಅಂಕಯ್ಯನ ತೂಗುಗುಂಡು

ಗಾರೆ ಕೆಲಸದವನ ಚೀಲ ಬಿಚ್ಚಿ ನೋಡಿದರೆ ಬೆರಗಾಗುವಂಥದ್ದೇನೂ ಸಿಗುವುದಿಲ್ಲ. ಕರಣೆ, ಇಟ್ಟಿಗೆ ಒಡೆಯುವ ಸುತ್ತಿಗೆ, ಮೂಲೆಮಟ್ಟ, ಒಂದು ಉಂಡೆ ದಾರ, ತೂಗುಗುಂಡು. ಇಷ್ಟನ್ನೇ ನಂಬಿ ಕೈಲಾಂಚದ ಅಂಕಯ್ಯ ತಲೆ ನರೆಯುವವರೆಗೆ ಸುತ್ತಮುತ್ತಲ ಊರವರಿಗೆಲ್ಲ ಮನೆ ಕಟ್ಟಿಕೊಟ್ಟ. ಅವನ ಹೆಂಡತಿ ಮುನಿರತ್ನಮ್ಮನ ತಲೆಯನ್ನೂ ಆ ಸಾಮಾನಿನ ಜೊತೆಗೇ ಸೇರಿಸಬೇಕು. ಅವನು ಇಟ್ಟ ಪ್ರತಿ ಇಟ್ಟಿಗೆಯ ಗಾರೆಯೂ ಬಾಂಡ್ಲಿಯಲ್ಲಿ ಆ ತಲೆಯ ಮೇಲೆಯೇ ಬಂದದ್ದು. ಮನೆ ಕಟ್ಟಿದ್ದು ಯಾರು ಎಂದು ಕೇಳಿದರೆ ಮಾತ್ರ ಊರು ಅಂಕಯ್ಯನ ಹೆಸರು ಹೇಳುತ್ತದೆ. ಊರಿಗೇನು, ಬಾಂಡ್ಲಿ ಹೊತ್ತಿಲ್ಲವಲ್ಲ.

ಆ ವರ್ಷ ಆಯುಧಪೂಜೆ ಮುಗಿಸಿಕೊಂಡು ಬೋರಲಿಂಗಯ್ಯನ ಹುಳುಮನೆಗೆ ಕೈ ಹಾಕಿದರು. ರೇಷ್ಮೆ ಹುಳು ಸಾಕಲು ಹಿಪ್ಪುನೇರಳೆ ತೋಟದ ಪಕ್ಕ ಉದ್ದನೆಯ ಕಟ್ಟಡ. ಗೋಡೆ ಆಳೆತ್ತರ ದಾಟಿದ ಮೇಲೆ ಒಂದು ಬೆಳಿಗ್ಗೆ ಬೋರಲಿಂಗಯ್ಯ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಿದ.

"ಅಂಕಯ್ಯ, ಗ್ವಾಡೆ ಯಾಕೋ ಹೊರಕ್ಕೆ ವಾಲ್ದಂಗ್ ಕಾಣ್ತೈತಲ್ಲ."

ಅಂಕಯ್ಯ ನಕ್ಕುಬಿಟ್ಟು ಒಳಬದಿಯಲ್ಲಿ ಗೋಡೆಯ ನೆತ್ತಿಯಿಂದ ಬುಡದವರೆಗೂ ಗುಂಡು ಇಳಿಬಿಟ್ಟ. ಗುಂಡು ಗೋಡೆಗೆ ಒರಗಿಕೊಂಡಿತು; ವಾಲಿದ್ದು ನಿಜ. ಅವನ ಮುಖದ ನಗು ಹೋಯಿತು. ಇಟ್ಟಿಗೆಯ ಮೂರು ನಾಲ್ಕು ವರಸೆಗೊಮ್ಮೆ ಗುಂಡು ಹಿಡಿದು ನೋಡಿಯೇ ಕಟ್ಟಿದ್ದ. ಗುಂಡು ಗೋಡೆಗೆ ಸೋಕಿಯೂ ಸೋಕದಂತೆ ನಿಂತಿದೆಯೋ ಇಲ್ಲವೋ ಎಂದು ಹೇಳಬೇಕಾದ್ದು ಕಣ್ಣು. ಹಾಗಾದರೆ ಕೈ ಕೊಟ್ಟದ್ದು ಕಣ್ಣೇ.

ಯಾರ ಮಾತನ್ನೂ ಕೇಳದೆ ಗೋಡೆಯನ್ನು ತಾನೇ ಕೆಡವಿ, ಬೇರೆ ಮೇಸ್ತ್ರಿಯನ್ನು ನೋಡಿಕೊಳ್ಳಿ ಎಂದು ಮನೆಗೆ ಬಂದ. ಚೀಲವನ್ನು ಗೂಟಕ್ಕೆ ನೇತುಹಾಕಿದ.

"ಕಣ್ಣು ಹೋಯ್ತು ಕಣೆ. ಇನ್ ಸಾಕು."

ಸುಳ್ಳೇಕೆ, ಮುನಿರತ್ನಮ್ಮನಿಗೆ ಹಿಗ್ಗೇ ಆಯಿತು. ಅವಳ ಕುತ್ತಿಗೆ ಎಡಕ್ಕೆ ತಿರುಗುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಹಸು ಹಾಲು ಕೊಡುತ್ತಿತ್ತು, ಡೈರಿಗೆ ಹಾಕಿದರೆ ಇಬ್ಬರ ಹೊಟ್ಟೆಗೆ ಸಾಕು. ಅವಳು ಮಟಮಟ ಮಧ್ಯಾಹ್ನ ಚಾಪೆ ಹಾಸಿಕೊಂಡು ಮಲಗಿದಳು. ಮದುವೆಯಾದಂದಿನಿಂದ ಹಾಗೆ ಮಲಗಿದ್ದೇ ಇಲ್ಲ.

ಅಂಕಯ್ಯ ಮಾತ್ರ ಕುಸಿದ. ಬೀದಿಗೆ ಹೋಗುವುದನ್ನು ಬಿಟ್ಟ. ಮನೆಯೊಳಗೆ ಗೋಡೆ ಹಿಡಿದುಕೊಂಡು ನಡೆಯತೊಡಗಿದ, ಹೊಸ್ತಿಲನ್ನು ಕಾಲಿನಿಂದ ತಡಕಿ ದಾಟತೊಡಗಿದ. ಎರಡೂ ಕಣ್ಣು ನೆಟ್ಟಗಿರುವ ಗಂಡಸು ಹೀಗೆ ಕುರುಡನಾಗುವುದನ್ನು ನೋಡುವ ಕರ್ಮ ಅವಳದಾಯಿತು.

ಹೀಗಿರುವಾಗ ಗೌಸ್ ಬಂದ. ಅವನೂ ಗಾರೆ ಕೆಲಸದವನೇ, ಅಂಕಯ್ಯನ ಹಳೆಯ ಜೊತೆಗಾರ. ವರ್ಷವೂ ಆಯುಧಪೂಜೆಗೆ ಅವನ ಸಾಮಾನೂ ಇವರ ಮನೆಗೆ ಬರುತ್ತಿತ್ತು. ಎರಡೂ ಚೀಲದ ಸಾಮಾನನ್ನು ತೊಳೆದು, ವಿಭೂತಿ ಬಳಿದು, ಅರಿಶಿನ ಕುಂಕುಮ ಇಟ್ಟು ಮುನಿರತ್ನಮ್ಮ ಒಂದೇ ಮಣೆಯ ಮೇಲೆ ಜೋಡಿಸುತ್ತಿದ್ದಳು. ಅಂಕಯ್ಯ ಹಿತ್ತಲಲ್ಲಿದ್ದ. ಗೌಸ್ ತನ್ನ ಚೀಲ ಇಳಿಸಿ ಜಗಲಿಯ ಮೇಲೆ ಕೂತು ಗೋಳು ತೋಡಿಕೊಂಡ.

"ಚನ್ನಪಟ್ಟಣದಲ್ಲಿ ಕಟ್ಟಿದ್ ಗ್ವಾಡೆ ಒಳಕ್ಕೆ ವಾಲ್ಬುಡ್ತು ಅಕ್ಕ. ಓನರ್ರು ಬಾಯಿಗ್ ಬಂದಂಗ್ ಬೈದ್ರು. ನಂಗೇನೋ ಗಾಳಿ ಸೋಕೈತೆ ಅಂತ ದರ್ಗಾಕ್ಕೂ ಹೋಗಿದ್ದೆ."

ಒಬ್ಬನದು ಹೊರಕ್ಕೆ, ಇನ್ನೊಬ್ಬನದು ಒಳಕ್ಕೆ. ಮುನಿರತ್ನಮ್ಮನಿಗೆ ಪೂಜೆಯ ದಿನದ ಮಣೆ ನೆನಪಾಯಿತು. ಎದ್ದು ಹೋಗಿ ಗೂಟದ ಚೀಲದಿಂದ ಗುಂಡು ತೆಗೆದಳು. ಗುಂಡಿನ ದಾರ ಒಂದು ಮರದ ಬಿಲ್ಲೆಯ ತೂತಿನಲ್ಲಿ ಹಾದು ಬರುತ್ತದೆ. ಬಿಲ್ಲೆಯನ್ನು ಮೇಲೆ ಗೋಡೆಗೆ ಒತ್ತಿ ಹಿಡಿದು ಗುಂಡನ್ನು ಕೆಳಕ್ಕೆ ಬಿಡುವುದು. ಬಿಲ್ಲೆ ಗುಂಡಿನಷ್ಟೇ ದಪ್ಪ ಇರಬೇಕು. ಇದು ಎರಡು ನೂಲು, ಅಂದರೆ ಕಾಲಂಗುಲ, ಹೆಚ್ಚಿತ್ತು; ಮೂರು ನಾಲ್ಕು ವರಸೆಯಲ್ಲಿ ಕಾಣದ ಅಷ್ಟು ತಪ್ಪು ಕೂಡುತ್ತ ಹೋಗಿ ಆಳೆತ್ತರಕ್ಕೆ ಗೋಡೆಯನ್ನೇ ವಾಲಿಸುತ್ತದೆ. ಗೌಸನ ಗುಂಡಿಗೆ ಕೂಡಬೇಕಾದ ಬಿಲ್ಲೆ. ಪೂಜೆಯ ದಿನ ಹಳೆಯ ದಾರ ಲಡ್ಡಾಗಿದೆ ಎಂದು ಎರಡಕ್ಕೂ ಹೊಸ ದಾರ ಪೋಣಿಸಿದವಳು ಅವಳೇ. ಪೂಜೆಯ ವಿಭೂತಿಯನ್ನು ಒರೆಸಬಾರದು, ಕೆಲಸದಲ್ಲೇ ಅಳಿಯಬೇಕು. ಹಾಗಾಗಿ ವಿಭೂತಿ ಮೆತ್ತಿದ ಬಿಲ್ಲೆ ತನ್ನದಲ್ಲವೆಂದು ಇಬ್ಬರಿಗೂ ಗುರುತು ಸಿಕ್ಕಿರಲಿಲ್ಲ.

ಬಿಲ್ಲೆಗಳನ್ನು ಅಲ್ಲೇ ಬದಲಾಯಿಸಿ ಗೌಸನನ್ನು ಕಳಿಸಿದಳು. "ಅವ್ರಿಗೆ ನಾನೇ ಹೇಳ್ತೀನಿ, ನೀನ್ ಸುಮ್ನಿರು."

ಹೇಳಲಿಲ್ಲ. ಹಾಲು ಕರೆದಳು, ಮುದ್ದೆ ತೊಳಸಿದಳು, ಹೇಳಲಿಲ್ಲ. ಹೇಳಿದರೆ ಬೆಳಗಾದರೆ ಬಾಂಡ್ಲಿ. ತನ್ನ ಮೇಲೂ ದೇವರ ಮೇಲೂ ಸಿಟ್ಟು ಬಂತು. ಅಷ್ಟರಲ್ಲಿ ಅಂಕಯ್ಯ ಗೋಡೆ ಸವರಿಕೊಂಡು ಊಟಕ್ಕೆ ಬಂದು, ಎದುರಿಗೇ ಇದ್ದ ತಟ್ಟೆಯನ್ನು ಕೈಯಿಂದ ತಡಕಿದ. ಅವಳಿಗೆ ತಡೆಯಲಾಗಲಿಲ್ಲ.

"ನಿನ್ ಕಣ್ಗೇನೂ ಆಗಿಲ್ಲ. ದಾರ ಪೋಣಿಸ್ವಾಗ ನಿಂದು ಗೌಸಂದು ಬಿಲ್ಲೆ ಅದ್ಲುಬದ್ಲು ಮಾಡ್ದೋಳು ನಾನು. ಈಗ ಸರಿ ಮಾಡೀವ್ನಿ, ನೋಡ್ಕೊ."

ಬೈಗುಳಕ್ಕೆ ಕಾದು ನಿಂತಳು. ಅಂಕಯ್ಯ ಬೈಯಲಿಲ್ಲ. ಎದ್ದು ಗುಂಡನ್ನು ತಂದು ಅಡುಗೆಮನೆಯ ಗೋಡೆಗೆ ಹಿಡಿದ. ಬಹಳ ಹೊತ್ತು ನೋಡಿದ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದ.

"ಬೋರಲಿಂಗಯ್ಯಂಗೆ ನಾಳೀಕ್ ಬತ್ತೀವಿ ಅಂತ ಹೇಳ್ಕಳಿಸ್ಬೇಕು," ಎಂದ.

ಬತ್ತೀವಿ ಎಂದದ್ದು ಕೇಳಿ ಅವಳ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಅಂಕಯ್ಯ ಅದನ್ನೂ ಕಂಡ.

"ನೀನ್ ಹೇಳ್ದೆ ಇದ್ದಿದ್ರೆ ಇಬ್ರೂ ಕೂತ್ಕಬೋದಾಗಿತ್ತಲ್ಲೆ."

"ಹೂಂ, ಕೂತ್ಕಬೋದಾಗಿತ್ತು," ಎಂದಳು ಮುನಿರತ್ನಮ್ಮ, ತಲೆಗೆ ಸಿಂಬೆ ಸುತ್ತಲು ಒಂದು ಹಳೆಯ ಸೀರೆ ಹುಡುಕುತ್ತ.