ಬೆಟ್ಟಸ್ವಾಮಿಯ ಪಾಲಿನ ಹಿಟ್ಟು

ಷಡಕ್ಷರಿ ಮೇಷ್ಟ್ರ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಕುಣಿಗಲ್ ಸೀಮೆಯಲ್ಲೆಲ್ಲ ನನ್ನನ್ನು ಹೊಗಳುತ್ತಿದ್ದರು. ಹಾಳಾಗಿ ಹೋಗಲಿ ಆ ಅಕ್ಷರ.

ಎಪ್ಪತ್ತಾರನೇ ಇಸವಿ, ಎಮರ್ಜೆನ್ಸಿಯ ಕಾಲ. ಒಂದು ಬೆಳಗ್ಗೆ ನಾನು ಪಾಠ ಹೇಳುತ್ತಿದ್ದ ಊರಿನ ಕೆರೆಯ ಏರಿ ಒಡೆದು ಕೆಳಗಿನ ಕೇರಿ ಕೊಚ್ಚಿಹೋಯಿತು. ಉಳಿದವರು ನನ್ನ ಶಾಲೆಯಲ್ಲಿ ಬಂದು ಸೇರಿದರು. ತಲೆಗೆ ಇಷ್ಟು ಎಂದು ಸರ್ಕಾರ ಕೊಡುತ್ತಿದ್ದ ರಾಗಿ ಹಿಟ್ಟನ್ನು ಅಳೆಯುವವನೂ ನಾನೇ, ಪಟ್ಟಿ ಬರೆಯುವವನೂ ನಾನೇ.

ಮಾರನೆಯ ದಿನ ಪುಟ್ಟರಂಗಯ್ಯ ನನ್ನ ಮೇಜಿನ ಮುಂದೆ ಬಂದು ನಿಂತ. ಹಿಂದೆ ಅವನ ಹೆಂಡತಿ ರೇವಮ್ಮ, ಅವಳ ಸೊಂಟದಲ್ಲಿ ಭೇದಿಯಿಂದ ಸೊರಗಿದ್ದ ಎರಡು ವರ್ಷದ ಮಗಳು. ಅವರ ದೊಡ್ಡ ಮಗ ಬೆಟ್ಟಸ್ವಾಮಿ ನನ್ನ ಒಂದನೇ ತರಗತಿಯ ಹುಡುಗ. ನೀರು ನುಗ್ಗಿದಾಗ ಅಮ್ಮನ ಕೈಯಿಂದ ಜಾರಿಹೋಗಿದ್ದ. ಹೆಣ ಸಿಕ್ಕಿರಲಿಲ್ಲ.

"ನಾಕು ತಲೆ ಅಂತ್ಲೇ ಬರ್ಕಳಿ ಮೇಷ್ಟ್ರೇ. ಮೂರು ಜನದ ಹಿಟ್ಟು ಯಾತಕ್ಕೂ ಸಾಲಾಕಿಲ್ಲ," ಎಂದ ಪುಟ್ಟರಂಗಯ್ಯ.

ಸೊಂಟದ ಮೇಲಿದ್ದ ಕೂಸನ್ನು ನೋಡಿದೆ. ಬರೆದೆ. ಬೆಟ್ಟಸ್ವಾಮಿ, ಆರು ವರ್ಷ. ಬರೆದವನು ಸುಮ್ಮನಿರದೆ ರೇವಮ್ಮನಿಗೆ, "ಗಟ್ಟಿಯಾಗಿ ಅಳಬೇಡ ಕಣಮ್ಮ. ಆಫೀಸಿನವರು ಓಡಾಡ್ತಿರ್ತಾರೆ, ಗೊತ್ತಾದ್ರೆ ನಿಮ್ಗೂ ಕಷ್ಟ, ನನ್ಗೂ ಕಷ್ಟ," ಎಂದು ಬೇರೆ ಹೇಳಿದೆ. ಅಂದಿನಿಂದ ಅವಳು ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು.

ವಾರ ಕಳೆಯುವಷ್ಟರಲ್ಲಿ ಹೆಲ್ತ್ ಇನ್‌ಸ್ಪೆಕ್ಟರರ ಜೀಪು ಬಂತು. ಎರಡು ಮಕ್ಕಳಿರುವ ಮನೆಯಿಂದ ಒಬ್ಬರು ಮುಂದೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಬೇಕು, ಮಾಡಿಸಿಕೊಂಡವರಿಗೆ ಸೂರಿಗೆ ಹನ್ನೆರಡು ತಗಡು, ಉಳಿದವರಿಗೆ ಆಮೇಲೆ ನೋಡೋಣ ಎಂದರು. ಮೇಷ್ಟ್ರುಗಳೂ ತಲಾ ಎರಡು ಕೇಸು ತರಬೇಕಿತ್ತು, ಇಲ್ಲದಿದ್ದರೆ ಸಂಬಳ ನಿಲ್ಲುತ್ತಿತ್ತು. ನನ್ನದು ಒಂದೇ ಆಗಿತ್ತು.

ಗಂಡಸರಿಗೂ ಆಪರೇಷನ್ ಇತ್ತು, ಅದೂ ಚಿಕ್ಕದು. ಆದರೆ ಪುಟ್ಟರಂಗಯ್ಯ, "ನಾನು ಗೇಯ್ಬೇಕಲ್ಲ ಸ್ವಾಮಿ," ಎಂದವನೇ ಹೆಂಡತಿಯ ಕಾಗದದ ಮೇಲೆ ತನ್ನ ಹೆಬ್ಬೆಟ್ಟು ಒತ್ತಿಬಿಟ್ಟ. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ವಿಷಯ ತಿಳಿದು ರೇವಮ್ಮ ಓಡಿ ಬಂದಳು. "ನನಗೆ ಬ್ಯಾಡ ಸ್ವಾಮಿ. ನಮಗಿರೋದು ಇದೊಂದೇ ಕೂಸು, ಇದೂ ಉಳಿತದೋ ಇಲ್ವೋ. ಮಗ ನೀರಲ್ಲಿ ಹೋಗ್ಬುಟ್ಟ. ನನಗೆ ಇನ್ನೊಂದು ಮಗ ಬೇಕು."

ಇನ್‌ಸ್ಪೆಕ್ಟರರು ನಕ್ಕರು. "ಬೆಳಗ್ಗೆಯಿಂದ ಇದು ಐದನೇ ಸಾವು ಕಣಮ್ಮ. ಜೀಪು ಕಂಡ್ರೆ ಸಾಕು, ಎಲ್ರ ಮಕ್ಕಳೂ ಸತ್ತೋಗ್ತಾರೆ." ಆಮೇಲೆ ನನ್ನ ಕಡೆ ತಿರುಗಿದರು. "ಏನ್ರೀ ಮೇಷ್ಟ್ರೇ, ಇವಳಿಗೆ ಎಷ್ಟು ಮಕ್ಳು?"

"ನಿಮಗೆ ಗೊತ್ತಲ್ಲ ಮೇಷ್ಟ್ರೇ, ಹೇಳಿ," ಎಂದಳು ರೇವಮ್ಮ.

ಒಂದೇ ಮಾತು ಸಾಕಿತ್ತು. ಆದರೆ ಅದು ಎಮರ್ಜೆನ್ಸಿ. ಸುಳ್ಳು ಪಟ್ಟಿ ಬರೆದವನಿಗೆ ಕೆಲಸ ಹೋಗುವುದಿರಲಿ, ಜೈಲೂ ಆಗಬಹುದಿತ್ತು. ನನಗೂ ಮನೆಯಲ್ಲಿ ಮೂರು ಮಕ್ಕಳು. ಆ ಎರಡನೆಯ ಕೇಸಿನ ಆಸೆ ನನಗಿರಲಿಲ್ಲ ಎಂದರೆ ಅದೂ ಸುಳ್ಳೇ.

"ಪಟ್ಟಿಯಲ್ಲಿ ಎರಡಿದೆ ಸಾರ್," ಎಂದೆ.

ಜೀಪಿನಲ್ಲಿ ಬಂದಿದ್ದ ಇಬ್ಬರು ಹೆಂಗಸರು ರೇವಮ್ಮನ ತೋಳು ಹಿಡಿದು ಜೀಪಿಗೆ ಹತ್ತಿಸಿದರು. ಮಗು ಚೀರುತ್ತಿತ್ತು. ಪುಟ್ಟರಂಗಯ್ಯ ತಗಡಿನ ಚೀಟಿಯನ್ನು ಮಡಿಚಿ ಜೇಬಿಗಿಟ್ಟುಕೊಂಡ. ತುಮಕೂರಿನ ರಸ್ತೆಯಲ್ಲಿ ಧೂಳು ಅಡಗುವ ತನಕ ನಾನು ತಲೆ ಎತ್ತಲಿಲ್ಲ.

ಐದನೆಯ ದಿನ ಅವಳು ಹಿಟ್ಟಿನ ಸಾಲಿನಲ್ಲಿದ್ದಳು. ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡು ಬಗ್ಗಿ ಬಗ್ಗಿ ಮುಂದೆ ಬಂದಳು. ಅವಳ ಸೆರಗಿಗೆ ಮೂರು ಅಳತೆ ಸುರಿದೆ. ನಾಲ್ಕನೆಯದನ್ನು ಎತ್ತಿದಾಗ ಅವಳು ಸೆರಗು ಮುಚ್ಚಿಕೊಂಡಳು.

"ಹಾಜ್ರಿ ಕೂಗಿ ಮೇಷ್ಟ್ರೇ."

"ಏನಮ್ಮ?"

"ಅವ್ನು ಇನ್ನೂ ಅವ್ನೆ ಅಂತ ನೀವೇ ಹೇಳಿದ್ರಲ್ಲ. ಕೂಗಿ. ಬಂದು ಅವನ ಪಾಲು ಅವನೇ ಈಸ್ಕಳ್ಳಿ."

ಎತ್ತಿದ ಅಳತೆಯನ್ನು ಕೆಳಗಿಟ್ಟೆ.

"ಬೆಟ್ಟಸ್ವಾಮಿ," ಎಂದು ಕೂಗಿದೆ.

ಅವಳು ಬಾಗಿಲ ಕಡೆ ತಿರುಗಿ ಕಾದಳು. ನನ್ನ ಮೇಲಿನ ಸಿಟ್ಟಿಗಲ್ಲ, ನಿಜವಾಗಿಯೇ ಕಾದಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಎದೆ ಬಡಿದುಕೊಂಡು, ಮಗ ಹೋದ ಮೇಲೆ ಮೊದಲ ಸಲ, ಊರಿಗೆಲ್ಲ ಕೇಳುವಂತೆ ಅತ್ತಳು. ಅಳಬೇಡ ಎನ್ನಲು ಈ ಸಲ ನನಗೆ ಬಾಯಿ ಬರಲಿಲ್ಲ.