ಹಬೆ ಕೊಟ್ಟ ಕೋಟು

ಮೂರನೆಯ ಮೆಟ್ಟಿಲಿನವರೆಗೆ ಬಂದಿದೆ ಬಿಸಿಲು, ನಾಲ್ಕನೆಯದು ಇನ್ನೂ ಒದ್ದೆ, ಅದರ ಮೇಲೊಂದು ಪಾರಿವಾಳ ಒಂಟಿಕಾಲಲ್ಲಿ ನಿಂತಿದೆ, ಅಂಚೆ ಕಚೇರಿಯ ಗಡಿಯಾರದ ಕೆಳಗೆ ಭಾವ ಹ್ಯಾಟು ಕೈಯಲ್ಲಿ ಹಿಡಿದು ನಿಂತಿದ್ದಾರೆ, ಕಂದು ಸೂಟು, ಹೋದ ವರ್ಷ ಅದರ ಕೊನೆಯ ಗುಂಡಿಯನ್ನು ನಾನೇ ಸರಿಸಿ ಹಾಕಿಕೊಟ್ಟಿದ್ದೆ ಹೊಟ್ಟೆ ಬಂತು ಅಂತ, ಈಗ ಹೊಟ್ಟೆಯೇ ಇಲ್ಲ, ಎರಡೂ ಪಕ್ಕ ಅರ್ಧರ್ಧ ಇಂಚು ಒಳಗೆ ಹಿಡಿಯಬೇಕು — ಮನುಷ್ಯರನ್ನು ನೋಡಿದರೆ ನನಗೆ ಮೊದಲು ಕಾಣುವುದೇ ಹೊಲಿಗೆ, ಮುಖ ಆಮೇಲೆ. ಬಂದ್ಯಾ ಸೂಜಿ, ಅಂದರು. ಬಂದೆ ಭಾವ. ಸೂಜಿ ಅನ್ನುವ ಹೆಸರು ಅಕ್ಕ ಇಟ್ಟದ್ದು, ಚಿಕ್ಕವಳಿದ್ದಾಗ ಒಣಗಿದ ಕಡ್ಡಿಯ ಹಾಗಿದ್ದೆ, ಮಾತು ಮಾತ್ರ ಚುಚ್ಚುತ್ತಿತ್ತಂತೆ, ಈಗ ಹಾಗೆ ಕರೆಯುವವರು ಭಾವ ಒಬ್ಬರೇ, ಚುಚ್ಚುವ ಮಾತು ಯಾವುದೂ ನನ್ನ ಹತ್ತಿರ ಇಲ್ಲ. ಅವರ ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ, ನೇರ ಕೋಟಿಗೆ ಹೋಯಿತು, ಹಸಿರು ಉಣ್ಣೆ, ಅಗಲವಾದ ಕಾಲರು, ಮಂಡಿಯಿಂದ ನಾಲ್ಕು ಬೆರಳು ಕೆಳಗೆ, ಅಕ್ಕನ ಕೋಟು, ಅಕ್ಕ ಹೋಗಿ ಐದು ತಿಂಗಳು. ಚೆನ್ನಾಗಿ ಕೂತಿದೆ, ಅಂದರು. ತೋಳು ಒಂದಿಂಚು ಉದ್ದ ಭಾವ — ಅಂದೆನೋ, ಅಂದುಕೊಂಡೆನೋ. ಈಗಲೇ ಹೇಳಿಬಿಡಬೇಕು, ಈ ಮೆಟ್ಟಿಲ ಮೇಲೆಯೇ. ಪಾರಿವಾಳ ಇನ್ನೊಂದು ಕಾಲು ಕೆಳಗಿಟ್ಟಿತು, ನಾವು ಹೊರಟೆವು.

ವರ್ಷಕ್ಕೊಂದು ದಿನ, ಕೈಗವಸು ಇಲ್ಲದೆ ಹೊರಗೆ ಕೂರಬಹುದು ಅನ್ನಿಸುವ ಮೊದಲ ಭಾನುವಾರ, ಅಕ್ಕ ಮಾಡಿದ ಕಾನೂನು ಇದು, ಮೈಮೇಲಿರುವ ಯಾವುದೂ ನಮಗಿಂತ ಚಿಕ್ಕ ವಯಸ್ಸಿನದಾಗಿರಬಾರದು, ಬೂಟಿನ ಲೇಸು ಕೂಡ, ಹಳೇ ಬೀದಿಯಲ್ಲಿ ಸೇತುವೆವರೆಗೆ ನಡಿಗೆ, ಬಸ್ಸಿನಲ್ಲಿ ಕೊನೆಯ ನಿಲ್ದಾಣ, ಅಲ್ಲಿಂದ ಹೊಲದ ದಾರಿ, ದಿಬ್ಬ, ದಿಬ್ಬದ ಮೇಲೆ ಬ್ರೆಡ್ಡು ಮೊಟ್ಟೆ. ಹನ್ನೊಂದು ವರ್ಷ ತಪ್ಪಿರಲಿಲ್ಲ. ಈ ಸಲ ಯಾರೂ ಕೇಳುವುದಿಲ್ಲ ಅಂತ ಆರಾಮಾಗಿದ್ದೆ, ಬುಧವಾರ ಫೋನು. ಹೋಗೋಣ ಸೂಜಿ, ಅವಳ ಕೋಟು ಹಾಕ್ಕೊಂಡು ಬಾ, ಕೈಲಿ ಹಿಡ್ಕೊಂಡು ಬರಬೇಡ, ಅವಳಿಗೆ ಅದು ಸೇರ್ತಿರಲಿಲ್ಲ, ದಿಬ್ಬದ ಮೇಲೆ ಒಂದ್ಸಲ ನನ್ನ ಕೈಗೆ ಕೊಡು, ಅಷ್ಟು ಸಾಕು. ಯಾಕೆ ಅಂತ ನಾನು ಕೇಳಲಿಲ್ಲ, ಅವರೇ ಹೇಳಿದರು, ಮನೇಲಿ ಏನೂ ಉಳಿದಿಲ್ಲ, ನಮ್ಮಮ್ಮ ಬಂದವರು ದಿಂಬು ಹೊದಿಕೆ ಶಾಲು ಎಲ್ಲ ಒಗೆದು ಮಡಚಿಟ್ಟುಬಿಟ್ರು, ಒಳ್ಳೇದಕ್ಕೇ ಮಾಡಿದ್ದು, ಬೈಯೋಕೂ ಬರಲ್ಲ, ಇನ್ನು ಅವಳ ವಾಸನೆ ಇರೋದು ಅದೊಂದರಲ್ಲೇ, ಅದಕ್ಕೇ ನಿನ್ನ ಹತ್ರ ಕೊಟ್ಟಿದ್ದು, ನನ್ನ ಹತ್ರ ಇದ್ದಿದ್ರೆ ಇಷ್ಟು ಹೊತ್ತಿಗೆ ಮೂಸಿ ಮೂಸಿ ಖಾಲಿ ಮಾಡಿರ್ತಿದ್ದೆ. ಆ ಕೊನೆಯ ಮಾತಿಗೆ ನಕ್ಕರು. ಹೂಂ ಭಾವ, ಅಂದೆ. ಫೋನು ಇಟ್ಟ ಮೇಲೂ ಇನ್ನೊಮ್ಮೆ ಹೂಂ ಅಂದೆ.

ಅವರು ಕೊಟ್ಟದ್ದು ಕಾಗದದ ಚೀಲದಲ್ಲಿ, ಅಕ್ಕ ಹೋದ ನಾಲ್ಕನೆಯ ದಿನ, ಮನೆಗೆ ಒಯ್ಯಬೇಕಿತ್ತು, ಕಾಲು ಅಂಗಡಿಗೆ ಹೋಯಿತು. ನಾನು ಕೆಲಸಕ್ಕಿರುವುದು ಹಳೇ ಬಟ್ಟೆಯ ಅಂಗಡಿ, ಚೀಲದಲ್ಲಿ ಬಂದದ್ದೆಲ್ಲ ಮೇಜಿನ ಮೇಲೆ, ಮೇಜಿನ ಮೇಲೆ ಬಂದದ್ದಕ್ಕೆಲ್ಲ ಒಂದೇ ಉಪಚಾರ, ಹದಿನಾಲ್ಕು ವರ್ಷದಿಂದ ಕೈಗೆ ಅಂಟಿದ್ದು — ಜೇಬು ಹೊರಗೆಳೆ, ಬ್ರಶ್ಶು ಹಾಕು, ಕಾಲರಿಗೂ ಕಂಕುಳಿಗೂ ಸ್ಪಿರಿಟ್ಟು ಬೆರೆಸಿದ ನೀರು ಸಿಂಪಡಿಸು, ಒಳಮೈ ಹೊರಗೆ ಮಾಡು, ಹಬೆ ಕೊಡು, ಹಿಂಬಾಗಿಲಲ್ಲಿ ಗಾಳಿಗೆ ತೂಗುಹಾಕು. ಹಿಂದಿನವರ ಮೈ ಬಟ್ಟೇಲಿ ಉಳೀಬಾರದು ಕಣೇ, ತಗೊಂಡವರು ಮೊದಲ ದಿನದಿಂದ ನಂದು ಅನ್ಬೇಕು, ಇದು ಯಜಮಾನಿ ನನಗೆ ಕಲಿಸಿದ ಮೊದಲ ಪಾಠ, ನಾನು ಅದರಲ್ಲಿ ಎತ್ತಿದ ಕೈ. ಎಷ್ಟು ಚೆನ್ನಾಗಿ ಮಾಡಿದೆ ಅಂದರೆ ಒಂದು ತಾಸು ಹಿಡಿಯಿತು, ಚೀಟಿಯನ್ನೂ ಬರೆದೆ, ಹೆಂಗಸರ ಕೋಟು, ಶುದ್ಧ ಉಣ್ಣೆ, ಮಧ್ಯಮ ಅಳತೆ, ಎಡ ಮೊಣಕೈ ಹತ್ತಿರ ಸಣ್ಣ ರಫೂ. ಆ ರಫೂ ನಾನೇ ಮಾಡಿದ್ದು, ಮುಳ್ಳುಬೇಲಿ ದಾಟುವಾಗ ಹರಿದುಕೊಂಡಿದ್ದಳು, ಅದು ಗೊತ್ತಾಯಿತು, ಗೊತ್ತಾದದ್ದು ಕೈಯವರೆಗೆ ಬರಲಿಲ್ಲ. ಯಜಮಾನಿ ಒಳಗೆ ಬಂದವರು ಹ್ಯಾಂಗರು ನೋಡಿದರು, ನನ್ನನ್ನು ನೋಡಿದರು, ಇದು ನಿಮ್ಮಕ್ಕಂದಲ್ವೇನೇ. ಹೂಂ ಅಂದೆ. ಅವರೇ ಹೋಗಿ ಹಬೆಯ ಸ್ವಿಚ್ಚು ಆರಿಸಿದರು, ಕುರ್ಚಿ ಎಳೆದು ಕೂರು ಅಂದರು, ಕೂತೆ. ಆಮೇಲೆ ಕಾಲರಿಗೆ ಮೂಗಿಟ್ಟು ನೋಡಿದೆ, ಒದ್ದೆ ಉಣ್ಣೆ, ಸ್ಪಿರಿಟ್ಟು, ಬೇರೆ ಏನೂ ಇಲ್ಲ. ಅಳು ಬರುತ್ತದೆ ಅಂತ ಕಾದೆ, ಯಜಮಾನಿಯೂ ಕಾದರು, ಬರಲಿಲ್ಲ, ಪಾಪ ಅವರೇ ಸ್ವಲ್ಪ ಅತ್ತರು. ಹಲ್ಲು ಕೀಳುವ ಮೊದಲು ಸೂಜಿಮದ್ದು ಕೊಟ್ಟಾಗ ತುಟಿ ಮರಗಟ್ಟುತ್ತದಲ್ಲ, ಮುಟ್ಟಿದರೆ ಇದೆ, ಒಳಗಿನಿಂದ ಇಲ್ಲ, ಐದು ತಿಂಗಳಿಂದ ನಾನು ಪೂರ್ತಿ ಹಾಗಿದ್ದೇನೆ.

ತಲೆ ಎತ್ತು ಸೂಜಿ, ಊರು ಶುರುವಾಗೋದು ಅಂಗಡಿ ಬೋರ್ಡಿನ ಮೇಲಿಂದ, ಭಾವ ಪ್ರತಿ ವರ್ಷ ಹೇಳುವ ಮಾತು, ಹಳೇ ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವುದು ಅವರ ಕೆಲಸ, ರಿಪೇರಿಯವರಿಗೆ ಯಾವ ಕಲ್ಲು ಎಲ್ಲಿತ್ತು ಅಂತ ತಿಳಿಯಬೇಕಲ್ಲ, ತಲೆ ಎತ್ತಿದೆ. ಎರಡನೆಯ ಮಹಡಿಯ ಕಬ್ಬಿಣದ ಬಾಲ್ಕನಿ, ಬಳ್ಳಿಯ ಕೆಲಸ, ಕಿಟಕಿಯ ಮೇಲೆ ಗಾರೆಯ ಹೂವಿನ ಹಾರ, ಮೂಲೆ ಮನೆಯ ದುಂಡು ಗೋಪುರಕ್ಕೆ ತಾಮ್ರದ ಟೋಪಿ, ಹಸಿರುಗಟ್ಟಿದೆ, ಕೋಟಿನದೇ ಹಸಿರು, ಅಕ್ಕ ಅದರ ಕೆಳಗೆ ನಿಂತು ನಾವಿಬ್ಬರೂ ಒಂದೇ ಥಾನಿನ ಬಟ್ಟೆ ಅನ್ನುತ್ತಿದ್ದಳು. ಎಲ್ಲ ಚೆನ್ನಾಗಿದೆ. ಚೆನ್ನಾಗಿದೆ ಅಂತ ಗೊತ್ತಾಗುತ್ತದೆ, ಪಟ್ಟಿ ಬರೆದುಕೊಡಬಲ್ಲೆ. ಮರದಲ್ಲಿ ಎಲೆ ಇಲ್ಲ, ಕೊಂಬೆಯ ತುದಿಗಳು ಮಾತ್ರ ಕೆಂಪಗೆ ಉಬ್ಬಿವೆ, ಎದುರಿಂದ ಬರುವ ಹೆಂಗಸು ನಮ್ಮ ಹ್ಯಾಟು ಕೋಟು ನೋಡಿ ನಗುತ್ತಾಳೆ, ನಾನೂ ನಗುತ್ತೇನೆ, ತುಟಿಯ ಎರಡೂ ತುದಿ ಮೇಲಕ್ಕೆ. ಬ್ಯಾಂಕಿನ ಬಾಗಿಲ ಮೇಲಿನ ಕಲ್ಲಿನ ಮುಖ ಬಂತು, ದಪ್ಪ ಮೂಗು, ಉಬ್ಬಿದ ಕೆನ್ನೆ, ಥೇಟ್ ನಮ್ಮ ಸೋದರಮಾವ, ಅಕ್ಕ ಅಲ್ಲಿ ನಿಂತು ಚೆನ್ನಾಗಿದ್ದೀರಾ ಮಾವ, ಅತ್ತೆ ಹೇಗಿದ್ದಾರೆ ಅಂತ ಗಟ್ಟಿಯಾಗಿ ವಿಚಾರಿಸುತ್ತಿದ್ದಳು, ಜನ ತಿರುಗಿ ನೋಡುವವರೆಗೆ ಬಿಡುತ್ತಿರಲಿಲ್ಲ. ಇವತ್ತು ನಾವಿಬ್ಬರೂ ಅದರ ಕೆಳಗೆ ನಿಂತೆವು, ಯಾರು ಮಾತಾಡಿಸಬೇಕು ಅಂತ ಗೊತ್ತಾಗಲಿಲ್ಲ. ಮಾವ ಸ್ವಲ್ಪ ಇಳಿದುಹೋಗಿದಾರೆ, ಅಂದರು ಭಾವ ಕೊನೆಗೆ, ಮೂಗಿನ ತುದಿ ಉದುರಿದೆ ನೋಡು. ಹೌದು ಭಾವ. ಭಾವ, ಈ ಕೋಟು ನಾನು — ಟ್ರಕ್ಕೊಂದು ಹೋಯಿತು. ಏನಂದೆ, ಅಂದರು ಭಾವ. ಏನಿಲ್ಲ, ಸೇತುವೆ ದಾಟಿದ ಮೇಲೆ. ಏನು ಸೇತುವೆ ದಾಟಿದ ಮೇಲೆ. ಬಸ್ಸು, ಅಂದೆ.

ಸೇತುವೆ ದಾಟಿದ್ದಾಯಿತು. ಬಸ್ಸಿನಲ್ಲಿ ಕಂಡಕ್ಟರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, ನಾಟಕದೋರಾ ನೀವು, ಅಂದ. ಹೌದಪ್ಪ, ಅಂದರು ಭಾವ, ಮೂರು ಪಾತ್ರದ ನಾಟಕ, ಇವತ್ತು ಒಬ್ಬರು ಬಂದಿಲ್ಲ. ಇಬ್ಬರೇ ಮಾಡಿಬಿಡಿ ಸಾರ್, ಜನಕ್ಕೇನು ಗೊತ್ತಾಗುತ್ತೆ, ಅಂದ ಅವನು. ಭಾವ ಕಿಟಕಿಯ ಕಡೆ ತಿರುಗಿದರು. ಆ ಗಾಜಿನಲ್ಲಿ ನನಗೆ ಬುಧವಾರದಿಂದ ಕಾಣುತ್ತಿರುವುದೇ ಕಾಣುತ್ತದೆ, ಅವರ ಮೂಗು ಕಾಲರಿನಲ್ಲಿ, ಕಣ್ಣು ಮುಚ್ಚಿ, ಒಂದು ಉಸಿರು, ಎರಡು, ಆಮೇಲೆ ಕಣ್ಣು ತೆರೆದು ನನ್ನ ಕಡೆ ನೋಡುತ್ತಾರೆ, ಏನು ಮಾಡಿದೆ ಸೂಜಿ. ಬೈದರೆ ಒಳ್ಳೆಯದು. ಬೈಯುವವರಲ್ಲ ಅವರು, ಪರವಾಗಿಲ್ಲ ಬಿಡು ಅನ್ನುತ್ತಾರೆ, ತಮ್ಮ ಅಮ್ಮನಿಗೂ ಹಾಗೇ ಅಂದಿರಬೇಕು, ಆಮೇಲೆ ಮನೆಗೆ ಹೋಗಿ ಒಗೆದ ದಿಂಬಿನ ಮೇಲೆ ಮಲಗುತ್ತಾರೆ. ಗುರುವಾರ ಸೋಪಿನ ಅಂಗಡಿಗೆ ಹೋಗಿದ್ದೆ, ಹೇಳಲು ನಾಚಿಕೆ, ಅಕ್ಕನ ಸೋಪು ಕೊಂಡು ಕಾಲರಿಗೆ ಸ್ವಲ್ಪ ಸವರಿದರೆ ಅಂತ, ಸಾಲಾಗಿ ಒಂದೊಂದನ್ನೇ ಮೂಸಿದೆ, ಗುಲಾಬಿ, ನಿಂಬೆ, ಗಂಧ, ಯಾವುದು ಅವಳದು ಅಂತ ಗೊತ್ತಾಗಲಿಲ್ಲ, ಮೂವತ್ತೆಂಟು ವರ್ಷ ಜೊತೆಗಿದ್ದವಳ ವಾಸನೆ ನನಗೇ ನೆನಪಿಲ್ಲ, ಅಂಗಡಿಯವಳು ಏನು ಬೇಕಮ್ಮ ಅಂದಳು, ಬರಿಗೈಯಲ್ಲಿ ಬಂದೆ.

ಕೊನೆಯ ನಿಲ್ದಾಣ. ಇಳಿದ ಕೂಡಲೇ ಗಾಳಿ ಬೇರೆ, ಮಣ್ಣು ಕರಗಿದ ಹಾಗಿದೆ, ಬೂಟು ಇಟ್ಟಲ್ಲಿ ನೀರು ಒಸರುತ್ತದೆ, ಉತ್ತ ಹೊಲದ ಅಂಚಿಗೆ ಪುಟ್ಟ ಹಳದಿ ಹೂವು ಎದ್ದಿವೆ, ಎಲೆಗಿಂತ ಮೊದಲೇ ಬಂದು ಕೂತ ಹೂವು, ಅವಸರದವು, ಅಕ್ಕ ಕೊನೆಯ ಸಲ ಇಲ್ಲಿ ಬಗ್ಗಿ ಅವನ್ನು ಬೈದಿದ್ದಳು, ಇನ್ನೂ ಚಳಿ ಇದೆ ಕಣ್ರೇ ಒಳಗೆ ಹೋಗಿ ಅಂತ. ಆಗ ಅವಳಿಗೆ ಏನೂ ಆಗಿರಲಿಲ್ಲ. ಆಸ್ಪತ್ರೆಗೆ ನಡೆದುಕೊಂಡೇ ಹೋದವಳು, ಹನ್ನೊಂದು ದಿನ, ಅಷ್ಟೇ. ಭಾವ ಮುಂದೆ, ನಾನು ಹಿಂದೆ, ಮೊದಲು ಮಧ್ಯೆ ಅವಳಿರುತ್ತಿದ್ದಳು, ಹಿಂದೆ ತಿರುಗಿ ನನಗೊಂದು ಮಾತು, ಮುಂದೆ ಅವರಿಗೊಂದು ಮಾತು, ಈಗ ನಡುವೆ ನಾಲ್ಕು ಮಾರು ಜಾಗ ಇದೆ, ಇಬ್ಬರೂ ಅದನ್ನು ಹಾಗೇ ಬಿಟ್ಟುಕೊಂಡು ನಡೆಯುತ್ತಿದ್ದೇವೆ. ಹಣ್ಣಿನ ತೋಟದವನು ಕೊಂಬೆ ಸವರುತ್ತಿದ್ದಾನೆ, ಕತ್ತರಿಯ ಸದ್ದು ಟಕ್ ಟಕ್, ಕೈಯೆತ್ತಿದ, ನಾವೂ ಎತ್ತಿದೆವು. ದಿಬ್ಬ ಶುರುವಾಯಿತು. ದಿಬ್ಬದಲ್ಲಿ ಬಿಸಿಲು ನೇರ ಬೆನ್ನಿಗೆ, ಕೋಟು ಭಾರ, ಒಳಗೆ ಅಮ್ಮನ ಕಾಲದ ನೀಲಿ ಫ್ರಾಕು ತೆಳ್ಳಗಿನದು ಬೆನ್ನಿಗೆ ಅಂಟುತ್ತಿದೆ, ಕುತ್ತಿಗೆಯಲ್ಲಿ ಬೆವರು ಇಳಿದು ಕಾಲರಿಗೆ ಹೋಗುತ್ತಿದೆ, ಉಣ್ಣೆಗೆ ಬೆವರು ತಾಗಬಾರದು, ಸ್ಪಿರಿಟ್ಟು ಹಾಕಬೇಕಾಗುತ್ತದೆ — ನನ್ನ ತಲೆಗಿಷ್ಟು. ಬಿಚ್ಚಿ ಕೈಯಲ್ಲಿ ಹಿಡಿಯಬಹುದಿತ್ತು. ಕೈಲಿ ಹಿಡ್ಕೊಂಡು ಬರಬೇಡ ಅಂದಿದ್ದಾರೆ. ಮೇಲೆ ಹೋದ ಕೂಡಲೇ ಹೇಳುತ್ತೇನೆ, ಅವರು ಕೈ ಚಾಚುವ ಮೊದಲೇ, ಭಾವ ನಾನು ಅದನ್ನು ತೊಳೆದುಬಿಟ್ಟೆ, ಇಷ್ಟೇ, ಒಂದೇ ಉಸಿರಿನ ಮಾತು.

ಮೇಲೆ ಕಲ್ಲಿನ ಗೋಡೆ, ಮೊಣಕಾಲೆತ್ತರ, ಯಾವಾಗಲೂ ಕೂರುವ ಜಾಗ, ಕೆಳಗೆ ಊರು, ತಾಮ್ರದ ಟೋಪಿ ಇಲ್ಲಿಂದ ಗುಂಡಿಯಷ್ಟು. ಭಾವ ಬ್ರೆಡ್ಡಿನ ಪೊಟ್ಟಣ ಬಿಚ್ಚಿದರು, ಮೊಟ್ಟೆ ನಾಲ್ಕು, ಮೂರು ಜನಕ್ಕೆ ಆರು ತರುತ್ತಿದ್ದೆವು, ಲೆಕ್ಕ ಸರಿಯಾಗಿದೆ. ಯಾರೂ ತಿನ್ನಲಿಲ್ಲ. ಈಗ ಕೊಡ್ತೀಯಾ ಸೂಜಿ, ಅಂದರು. ಬಾಯಿ ತೆರೆದೆ. ಅವರ ಎರಡೂ ಕೈ ಮುಂದೆ ಬಂದಿವೆ, ಅಂಗೈ ಮೇಲಾಗಿ, ಕೂಸನ್ನು ಇಸಿದುಕೊಳ್ಳುವ ಹಾಗೆ, ಬಲ ಹೆಬ್ಬೆರಳಲ್ಲಿ ಪೆನ್ಸಿಲಿನ ಕಪ್ಪು. ನಾನು ಗುಂಡಿ ಬಿಚ್ಚಿದೆ, ಒಂದು, ಎರಡು, ಮೂರು, ನಾಲ್ಕು, ತೋಳಿನಿಂದ ಕೈ ಎಳೆದೆ, ಕೊಟ್ಟೆ. ಕೈ ಈ ಸಲವೂ ತನ್ನ ಪಾಡಿಗೆ ತಾನು ಮಾಡಿತು. ಅವರು ಹ್ಯಾಟು ತೆಗೆದು ಗೋಡೆಯ ಮೇಲಿಟ್ಟರು, ಕೋಟನ್ನು ಮಡಿಲಲ್ಲಿ ಹರಡಿಕೊಂಡರು, ಕಾಲರು ಮೇಲಕ್ಕೆತ್ತಿ ಮೂಗು ಒಳಗಿಟ್ಟರು. ಒಂದು ಉಸಿರು. ಈಗ ಕಣ್ಣು ತೆರೆಯುತ್ತಾರೆ. ಎರಡು. ಈಗ. ತೆರೆಯಲಿಲ್ಲ. ಇದೆ, ಅಂದರು ಬಟ್ಟೆಯ ಒಳಗಿನಿಂದ. ಇದೆ ಸೂಜಿ, ಇನ್ನೂ ಇದೆ, ಇಲ್ಲಿ, ಕುತ್ತಿಗೆ ಹತ್ರ.

ಅದು ನಂದು ಭಾವ. ಇವತ್ತಿನ ಬೆವರು, ಈಗ ಹತ್ತು ನಿಮಿಷದ ಕೆಳಗೆ ದಿಬ್ಬ ಹತ್ತುವಾಗ ಇಳಿದದ್ದು, ಇನ್ನೂ ಹಸಿ ಇದೆ ನೋಡಿ. ಹೇಳು, ಬಾಯಿಬಿಟ್ಟು ಹೇಳು ಅಂದುಕೊಂಡೆ. ಅಕ್ಕ ತಂಗಿ, ಒಂದೇ ಮೈ ಇರಬಹುದು, ಇರಬಹುದೋ ಏನೋ, ಯಾರಿಗೆ ಗೊತ್ತು, ನನ್ನ ವಾಸನೆ ನನಗೆ ಗೊತ್ತಿಲ್ಲ, ಅವಳದು ಮರೆತಿದ್ದೇನೆ. ಅವರು ಮುಖ ಎತ್ತಿದರು, ಕಣ್ಣು ಮುಚ್ಚಿಯೇ ಇದೆ, ಕಾಲರನ್ನು ನನ್ನ ಕಡೆ ಚಾಚಿದರು, ನೀನೂ ನೋಡು. ಬಗ್ಗಿದೆ. ಒದ್ದೆ ಉಣ್ಣೆ, ಉಪ್ಪು, ನಾನು. ಹೌದು ಭಾವ, ಅಂದೆ. ಅವಳೇ ಅಲ್ವಾ. ಅವಳೇ. ಸುಳ್ಳು ಅಷ್ಟು ಸಲೀಸಾಗಿ ಬಂತು, ಒಂದೇ ಉಸಿರಿನಲ್ಲಿ, ನಿಜ ಹೇಳಲು ಬೆಳಗಿನಿಂದ ಇಟ್ಟುಕೊಂಡಿದ್ದ ಉಸಿರು ಅದು. ಅವರು ಕಾಲರನ್ನು ಮತ್ತೆ ಎಳೆದುಕೊಂಡರು. ಗಾಳಿ ಬೀಸುತ್ತಿದೆ, ಬೆನ್ನಿನ ಬೆವರು ತಣ್ಣಗಾಗುತ್ತಿದೆ, ಫ್ರಾಕು ತೆಳ್ಳಗೆ, ಚಳಿ — ಚಳಿಯಾಗುತ್ತಿದೆ ನನಗೆ, ಹಲ್ಲು ಕಟಕಟ ಅನ್ನುತ್ತಿದೆ, ಐದು ತಿಂಗಳಲ್ಲಿ ಮೊದಲ ಸಲ ಏನೋ ಒಳಗಿನವರೆಗೆ ಹೋಗುತ್ತಿದೆ, ಮೈಯೆಲ್ಲ ನಡುಗುತ್ತಿದೆ, ಕೋಟು ಬೇಕು, ಕೊಡಿ ಅನ್ನಲಾರೆ, ಇನ್ನು ಯಾವತ್ತೂ ಅನ್ನಲಾರೆ, ಅಕ್ಕ, ಚಳಿ ಕಣೇ, ಅಕ್ಕ — ಭಾವ ಉಸಿರು ಒಳಗೆ ಎಳೆದುಕೊಂಡಿದ್ದಾರೆ, ಹೊರಗೆ ಬಿಡುತ್ತಿಲ್ಲ, ಮೂಗು ಕಾಲರಿನಲ್ಲಿ, ಕಣ್ಣು ಮುಚ್ಚಿದೆ, ಇನ್ನೂ ಬಿಡುತ್ತಿಲ್ಲ, ಮೂಗು ಕಾಲರಿನಲ್ಲಿ