ಕಾಳುಚೀಲದ ತೂಕ

ಕಾಳಗದಲ್ಲಿ ಸೋತ ಹಕ್ಕಿಗೆ ಏನಾಗುತ್ತದೆಂದು ಬಿಬಿಸೋರಾ ಹೋದ ವಸಂತದಲ್ಲಿ ಕಣ್ಣಾರೆ ಕಂಡಿದ್ದಳು. ಕೇರಿಯ ಹೊಟಮನ ಕೌಜುಗದ ಎದುರು ನಿಲ್ಲಲಾರದೆ ಓಡಿದ ತನ್ನ ಹಕ್ಕಿಯನ್ನು ಅವಳ ಗಂಡ ಹಮ್ರೋಕುಲ್ ಕಾಲು ಹಿಡಿದು ಅಂಗಳದ ಹಿಪ್ಪುನೇರಳೆ ಮರಕ್ಕೆ ಬಡಿದ. ಒಂದು ಸಲವಲ್ಲ, ಕೈ ಸೋಲುವವರೆಗೆ. ಆಮೇಲೆ ಬೆಕ್ಕಿನತ್ತ ಎಸೆದು ಒಳಗೆ ಹೋಗಿ ಚಹಾ ಕೇಳಿದ.

ಈ ವರ್ಷದ ಹಕ್ಕಿ ಚಕ್ಮಾಕ್. ಬೆಟ್ಟದ ಕುರುಬನೊಬ್ಬ ತಂದುಕೊಟ್ಟ ಮರಿ. ಅದನ್ನು ತಂದೂರಿ ಒಲೆಯ ಬೆಚ್ಚನೆಯ ಮಗ್ಗುಲಲ್ಲಿಟ್ಟು, ಬೆರಳ ತುದಿಯಿಂದ ಉಣಿಸಿ ಉಳಿಸಿದವಳು ಮಗಳು ಸಬೋಹತ್. ಅವಳು ನಾಲಿಗೆ ಲೊಟಗುಟ್ಟಿಸಿದರೆ ಸಾಕು, ಕೆಂಪು ಕೊಕ್ಕಿನ ಆ ಪುಂಡ ಅಂಗಳದ ಆ ತುದಿಯಿಂದ ಓಡಿಬಂದು ಮಡಿಲೇರುತ್ತಿತ್ತು.

ಪ್ರತಿ ಬೆಳಿಗ್ಗೆ ಬಿಬಿಸೋರಾ ಹಿಟ್ಟು ತೂಗುವ ತಕ್ಕಡಿಯಲ್ಲೇ ಅದನ್ನೂ ತೂಗುತ್ತಿದ್ದಳು. ಅವಳ ತಾಯಿ ಮದುವೆಯಲ್ಲಿ ಕೊಟ್ಟ ಮುಳ್ಳಿನ ತಕ್ಕಡಿ ಅದು. ಒಲೆಯ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಅಲುಗಾಡದಂತೆ ಇಟ್ಟು, ಗಂಡನ ಹಳೆಯ ನಿಲುವಂಗಿಯಿಂದ ಕತ್ತರಿಸಿದ ತೋಳನ್ನು ಮೊದಲು ತಟ್ಟೆಗೆ ಹಾಕಿ ಮುಳ್ಳನ್ನು ಸೊನ್ನೆಗೆ ತಿರುಗಿಸುವಳು. ಆಮೇಲೆ ಹಕ್ಕಿಯನ್ನು ತಲೆ ಮುಂದಾಗಿ ಆ ತೋಳಿನೊಳಗೆ ಜಾರಿಸುವಳು. ಕತ್ತಲಾದರೆ ಅದು ಮಿಸುಕುವುದಿಲ್ಲ, ಮುಳ್ಳೂ ಮಿಸುಕುವುದಿಲ್ಲ. ಇದೆಲ್ಲ ಕಾಳು, ನೀರು ಕೊಡುವ ಮೊದಲೇ ಮುಗಿಯಬೇಕು. ಕೇರಿಯವರಿಗೆಲ್ಲ ಆ ತಕ್ಕಡಿಯ ಮೇಲೆ ನಂಬಿಕೆ. ಕಾಳಗದ ದಿನವೂ ಅದೇ ಬೇಕು, ಹಿಡಿಯುವವಳೂ ಅವಳೇ ಬೇಕು.

ಕಾಳಗದ ಬೆಳಿಗ್ಗೆ ಮುಳ್ಳು ನೋಡಿ ಅವಳ ಎದೆ ಹಗುರಾಯಿತು.

"ಎಷ್ಟು?" ಎಂದ ಹಮ್ರೋಕುಲ್. ಅವನು ದಿನವೂ ಕೇಳುವುದು ಅದೊಂದೇ ಮಾತು.

"ನಾನೂರ ಎಪ್ಪತ್ತಾರು ಗ್ರಾಂ."

"ಸರಿಯಾಗಿ ನೋಡು."

"ಎರಡು ಸಲ ನೋಡಿದೆ, ಸಬೋಹತಳ ಅಪ್ಪಾ. ಗರಿ ಉದುರಿಸಿದ ಮೇಲೆ ಇನ್ನೂ ಮೈ ತುಂಬಿಲ್ಲ. ಹೊಟಮನದು ಐನೂರು ದಾಟಿದೆಯಂತೆ. ಜೋಡಿ ಆಗಲ್ಲ ಬಿಡಿ."

ಎರಡು ಹಕ್ಕಿಗಳ ನಡುವೆ ಇಪ್ಪತ್ತು ಗ್ರಾಮಿಗಿಂತ ಹೆಚ್ಚು ಅಂತರವಿದ್ದರೆ ಕಾಳಗವಿಲ್ಲ.

"ಜೋಡಿ ಆಗ್ಲಿಲ್ಲ ಅಂದ್ರೆ ಆ ಹೊಟಮ್ ವರ್ಷವಿಡೀ ಚಹಾದಂಗಡೀಲಿ ಕೂತು ನಗ್ತಾನೆ" ಎಂದು ಹಲ್ಲು ಕಡಿದು, ಹಕ್ಕಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಕೊಟ್ಟಿಗೆಯ ಕಡೆ ಹೋದ. ಒಲೆಯಲ್ಲಿ ನಾನ್ ಕೆಂಪಗಾಗುತ್ತಿತ್ತು. ಅವಳು ಅತ್ತ ತಿರುಗಿದಳು.

ಮಧ್ಯಾಹ್ನ ಅಂಗಳ ಗಂಡಸರಿಂದ ತುಂಬಿತು. ತೀರ್ಪುಗಾರ ಮುದುಕ ಬರೋತ್ ಬಾಬಾ ಮರದ ಕೆಳಗಿನ ಜಗಲಿಯಲ್ಲಿ ಕುಳಿತ. ಹೊಟಮನ ಹಕ್ಕಿ ಐನೂರ ಹದಿನಾಲ್ಕು ತೂಗಿತು. ಬಿಬಿಸೋರಾ ಚಕ್ಮಾಕನನ್ನು ಅಂಗಿಯ ತೋಳಿಗೆ ಜಾರಿಸುವಾಗ ಅವಳ ಹೆಬ್ಬೆರಳಿಗೆ ಕುತ್ತಿಗೆಯ ಬುಡ ಸಿಕ್ಕಿತು. ನುಂಗಿದ ಕಾಳು ಮೊದಲು ತಂಗುವ ಅಲ್ಲಿನ ಕಾಳುಚೀಲ ಆಕ್ರೋಡಿನಂತೆ ಗಟ್ಟಿಯಾಗಿ ಉಬ್ಬಿತ್ತು. ಮುಳ್ಳು ಹೋಗಿ ನಾನೂರ ತೊಂಬತ್ತೆಂಟರಲ್ಲಿ ನಿಂತಿತು.

ಹಮ್ರೋಕುಲ್ ನೆನೆಸಿದ ಗೋಧಿಯನ್ನು ಅದರ ಗಂಟಲಿಗೆ ತುರುಕಿದ್ದ. ಅಷ್ಟು ಭಾರ ಹೊತ್ತ ಹಕ್ಕಿ ಹಾರಿ ಒದೆಯಲಾರದು. ನಿಂತಲ್ಲೇ ಸಾಯುತ್ತದೆ.

"ಖಾಲಿ ಹೊಟ್ಟೇಲಿ ತಾನೇ ಮಗಳೇ?" ಬರೋತ್ ಬಾಬಾ ಕೇಳಿದ.

ಹಮ್ರೋಕುಲ್ ಅವಳನ್ನೇ ನೋಡುತ್ತಿದ್ದ. ಆ ನೋಟ ಅವಳ ಬೆನ್ನಿಗೆ ಚೆನ್ನಾಗಿ ಪರಿಚಯವಿತ್ತು.

"ಮುಳ್ಳು ನಾನೂರ ತೊಂಬತ್ತೆಂಟು ತೋರಿಸ್ತಿದೆ, ಬಾಬಾ" ಎಂದಳು. ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಯಾರೂ ಗಮನಿಸಲಿಲ್ಲ.

ಹಕ್ಕಿಗಳನ್ನು ಬಿಟ್ಟರು. ಹೊಟಮನದು ನೆಲ ಬಿಟ್ಟು ಚಿಮ್ಮಿ ಎದೆಗೇ ಒದೆಯಿತು. ಚಕ್ಮಾಕ್ ಎದ್ದಿತು, ಮುಂದಕ್ಕೆ ನುಗ್ಗಿತು, ಹಾರಲು ರೆಕ್ಕೆ ಬಿಚ್ಚಿತು, ಮೈ ಮೇಲೇಳಲಿಲ್ಲ. ಎದುರಾಳಿ ಅದರ ನೆತ್ತಿಯ ಚರ್ಮ ಕಚ್ಚಿ ಜಗ್ಗಿತು. ಗರಿ, ರಕ್ತ, ಧೂಳು. "ಹೊಡಿ! ಹೊಡಿ ಅದಕ್ಕೆ!" ಎಂದು ಗಂಡಸರು ತೊಡೆ ತಟ್ಟಿದರು. ಕೊಕ್ಕು ಮತ್ತೆ ಇಳಿಯಿತು. ಚಕ್ಮಾಕನ ಎಡಗಣ್ಣು ಕಿತ್ತುಬಂದು ಕೆನ್ನೆಯ ಮೇಲೆ ಜೋತುಬಿತ್ತು. ಆದರೂ ಅದು ಓಡಲಿಲ್ಲ. ಕಣ್ಣಿಲ್ಲದ ಕಡೆಯನ್ನೇ ಒಡ್ಡಿಕೊಂಡು ನಿಂತಿತು.

"ಅಮ್ಮಾ!" ಬಾಗಿಲಲ್ಲಿದ್ದ ಸಬೋಹತ್ ಚೀರಿದಳು. ಆಮೇಲೆ, ಯಾಕೋ, ನಾಲಿಗೆ ಲೊಟಗುಟ್ಟಿಸಿದಳು. ಹಕ್ಕಿ ಆ ಸದ್ದಿಗೆ ತಲೆ ತಿರುಗಿಸಿತು. ಆ ಗಳಿಗೆಯಲ್ಲೇ ಮತ್ತೊಂದು ಒದೆ ಬಿತ್ತು.

ಬಿಬಿಸೋರಾ ಹಿಟ್ಟಿನ ಬೋಗುಣಿ ಎತ್ತಿಕೊಂಡು ಗಂಡಸರ ನಡುವೆ ನುಗ್ಗಿದಳು. ಚಕ್ಮಾಕನ ಮೇಲೆ ಅದನ್ನು ದಡಾರನೆ ಕವುಚಿ ಮೇಲೆ ಮೊಣಕಾಲೂರಿದಳು. ಹೊಟಮನ ಹಕ್ಕಿ ತಗಡಿನ ಮೇಲೆ ಠಣಠಣ ಕುಕ್ಕತೊಡಗಿತು.

"ಎದ್ದೇಳೇ!" ಹಮ್ರೋಕುಲನ ಮುಷ್ಟಿ ಅವಳ ಬಾಯಿಗೆ ಬಿತ್ತು. ಹಲ್ಲು ತುಟಿಗೆ ನಾಟಿತು. ಎರಡನೆಯದು ಕಿವಿಗೆ. ಅವಳು ಬೋಗುಣಿ ಬಿಡಲಿಲ್ಲ.

"ತೂಕ ಸುಳ್ಳು, ಬಾಬಾ!" ಎಂದು ರಕ್ತ ಉಗಿದು ಕೂಗಿದಳು. "ಬೆಳಿಗ್ಗೆ ನಾನೂರ ಎಪ್ಪತ್ತಾರು ಇತ್ತು. ಕಾಳು ತುರುಕಿದ್ದಾರೆ. ತೂಗುವಾಗಲೇ ನನ್ನ ಕೈಗೆ ಸಿಕ್ಕಿತ್ತು, ಹೆದರಿ ಸುಮ್ಮನಾದೆ. ನೀವೇ ಮುಟ್ಟಿ ನೋಡಿ!"

ಬರೋತ್ ಬಾಬಾ ಹಕ್ಕಿಯನ್ನು ಎತ್ತಿ, ತಲೆ ಕೆಳಗು ಮಾಡಿ ಕಾಳುಚೀಲವನ್ನು ಮೆಲ್ಲಗೆ ನೀವಿದ. ಕೊಕ್ಕಿನಿಂದ ಉಬ್ಬಿದ ಗೋಧಿ ರಕ್ತದೊಂದಿಗೆ ಉದುರಿತು.

"ಅಯ್ಯೋ ಹಮ್ರೋಕುಲ್!" ಹೊಟಮ್ ಬಿದ್ದು ಬಿದ್ದು ನಕ್ಕ. "ಕಾಳಗಕ್ಕೆ ಹಕ್ಕಿ ತಂದ್ಯೋ, ಗಿರಣಿಗೆ ಮೂಟೆ ಹೊತ್ತು ತಂದ್ಯೋ?"

ಹಮ್ರೋಕುಲ್ ಅವನ ಗಂಟಲಿಗೇ ಹಾರಿದ. ಇಬ್ಬರೂ ಜಗಲಿಯ ಮೇಲೆ ಉರುಳಿದರು. ಚಹಾದ ಹೂಜಿ ಚೂರಾಯಿತು. ಹೊಟಮ್ ಅದರ ಮುರುಕಿನಿಂದ ಅವನ ಹುಬ್ಬು ಸೀಳಿದ. ನಾಲ್ಕಾರು ಜನ ಸೇರಿ ಕಿತ್ತು ಬಿಡಿಸಬೇಕಾಯಿತು.

"ಸಾಕು!" ಬರೋತ್ ಬಾಬಾ ಕೋಲು ಕುಟ್ಟಿದ. "ತೂಕದಲ್ಲಿ ಮೋಸ ಮಾಡಿದವನ ಹಕ್ಕಿ ತಕ್ಕಡಿ ಹಿಡಿದವರ ಪಾಲು. ನಮ್ಮಪ್ಪನ ಕಾಲದಿಂದ್ಲೂ ಇದೇ ಕಟ್ಟಳೆ. ತಗೋ ಮಗಳೇ, ಇದು ನಿಂದು."

"ಹೆಂಡ್ತಿ ಗೆದ್ದಳಪ್ಪೋ!" ಎಂದು ಯಾರೋ ಹಿಂದಿನಿಂದ ಕೂಗಿದರು. ಎಲ್ಲರೂ ನಕ್ಕರು. ಆ ನಗೆಗೆ ಮನೆಯೊಳಗೆ ಬೆಲೆ ತೆರಬೇಕಾದವಳು ತಾನೇ ಎಂದು ಬಿಬಿಸೋರಾಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಒಲೆ ಹೊತ್ತಿಸಿ, ನಾನ್ ಕೀಳುವ ಕಬ್ಬಿಣದ ಕೊಕ್ಕೆಯನ್ನು ಕೆಂಡದಲ್ಲಿಟ್ಟಿದ್ದಳು. ಬುಟ್ಟಿಯಲ್ಲಿ ಚಕ್ಮಾಕ್ ಒಕ್ಕಣ್ಣು ಮುಚ್ಚಿ ಕೂತಿತ್ತು. ಹಮ್ರೋಕುಲ್ ಹುಬ್ಬಿಗೆ ಬಟ್ಟೆ ಕಟ್ಟಿಕೊಂಡು ಬಂದ.

"ಕೊಡು ಅದನ್ನ. ಸೋತ ಹಕ್ಕಿ ಮನೇಲಿರಬಾರದು."

"ಅದು ನಂದು."

ಅವನು ಒದ್ದ ರಭಸಕ್ಕೆ ತಕ್ಕಡಿ ಕಲ್ಲಿನಿಂದ ಉರುಳಿತು. ಅವನ ಕೈ ಬುಟ್ಟಿಯೊಳಗೆ ಹೋಯಿತು. ಸಬೋಹತ್ ಆ ಕೈಯನ್ನು ಕಚ್ಚಿ ಹಿಡಿದಳು. ಅವನು ಮಗಳ ಜಡೆ ಸುತ್ತಿ ಎತ್ತಿದ. ಬಿಬಿಸೋರಾ ಕೊಕ್ಕೆಯನ್ನು ಕೆಂಡದಿಂದ ಎಳೆದು ಅವನ ಮುಂಗೈಗೆ ಒತ್ತಿದಳು. ಕೂದಲು ಸುಟ್ಟ ವಾಸನೆ ಎದ್ದಿತು. ಅವನು ಅರಚಿ ಹಿಂದಕ್ಕೆ ಬಿದ್ದ.

"ಇನ್ನೊಂದ್ಸಲ ಮುಟ್ಟಿ ನೋಡಿ" ಎಂದಳು. ಕೊಕ್ಕೆಯನ್ನು ಅವನತ್ತಲೇ ಚಾಚಿ ಹಿಡಿದಳು.

ಅವನು ಕೈ ಹಿಡಿದುಕೊಂಡು ಎದ್ದ. ಕೊಕ್ಕೆಯ ತುದಿಯನ್ನು ನೋಡಿದ. ಬಯ್ಯುತ್ತಲೇ ಬಾಗಿಲು ದಾಟಿ ಬೀದಿಗಿಳಿದ. ಸಂಜೆ ಮರಳಿ ಬರುತ್ತಾನೆ. ಬರಲಿ, ಒಲೆ ಆರದಂತೆ ನೋಡಿಕೊಂಡರಾಯಿತು.

ಅವಳು ಒಳಗಿನಿಂದ ಅಗುಳಿ ಹಾಕಿ, ತಕ್ಕಡಿಯನ್ನು ಎತ್ತಿ ಕಲ್ಲಿನ ಮೇಲಿಟ್ಟಳು. ಬಿದ್ದ ತಕ್ಕಡಿಯನ್ನು ಹಾಗೇ ನಂಬಬಾರದು. ಒಡೆಯದ ಒಂದು ಕಿಲೋ ಉಪ್ಪಿನ ಪೊಟ್ಟಣ ಇಟ್ಟು ನೋಡಿದಳು. ಮುಳ್ಳು ಒಂದಕ್ಕೇ ಬಂದು ನಿಂತಿತು. ಪೊಟ್ಟಣ ತೆಗೆದು, ಅಂಗಿಯ ತೋಳು ಹಾಕಿ ಸೊನ್ನೆ ಮಾಡಿ, ಹಕ್ಕಿಯನ್ನು ಕುರುಡುಕಣ್ಣಿಗೆ ತಾಗದಂತೆ ಒಳಗೆ ಜಾರಿಸಿದಳು.

"ಎಷ್ಟಮ್ಮಾ?" ಜಡೆ ಬಿಚ್ಚಿಹೋಗಿದ್ದ ಸಬೋಹತ್ ಬಿಕ್ಕುತ್ತಾ ಕೇಳಿದಳು.

"ನಾನೂರ ಐವತ್ತೊಂಬತ್ತು. ಹೋಗು, ಗೋಧಿ ನೆನೆಹಾಕು. ಇವತ್ತು ಸ್ವಲ್ಪವೇ ಕೊಡೋಣ."